ಡ್ರಮ್ ಮೇಷ್ಟರ ಬಲಗೈ

ಎಲ್ಲಕ್ಕೂ ಕಾರಣ ಎದುರುಮನೆ ಆಂಟಿಯ ಜಾಮ್ ಬಾಟಲಿ. "ಮೇಷ್ಟ್ರೇ, ಡ್ರಮ್ ಬಾರಿಸೋ ಕೈ ನಿಮ್ಮದು. ಈ ಮುಚ್ಚಳ ಒಂದು ಲೆಕ್ಕಾನಾ?" ಎಂದರು. ಮೇಷ್ಟರು ಹೊಗಳಿಕೆಗೆ ಉಬ್ಬಿ ತಿರುವಿದರು. ಮುಚ್ಚಳ ಕದಲಲಿಲ್ಲ, ಉಳುಕಿದ್ದು ಬಲಗೈ ಮಣಿಕಟ್ಟು.

ಅದೂ ಎಂಥ ದಿನ! ಸರ್ಕಸ್ಸು, ಮದುವೆ ಬ್ಯಾಂಡು, ಹಲ್ಲುಪುಡಿ ಜಾಹೀರಾತು ಎಂದು ಎಲ್ಲದಕ್ಕೂ ಬಾರಿಸಿದ್ದ ಮೇಷ್ಟರ ಪ್ರಾಣವೆಲ್ಲ ಜಾಝ್ ಮೇಲೆ. ಆ ಸಂಜೆ ಕ್ಲಬ್ಬಿನ ಜಾಝ್ ತಂಡದಲ್ಲಿ ಅವರಿಗೆ ಪರೀಕ್ಷೆ. ಮೆಚ್ಚಿದರೆ ಕಾಯಂ ಕೆಲಸ. ತಂಡದ ಯಜಮಾನರದ್ದು ಒಂದೇ ದೂರು: "ನಿಮಗೆ ಎಲ್ಲಾ ಬರುತ್ತೆ, ಸರಿ. ಎಲ್ಲಾನೂ ಒಂದೇ ಹಾಡಲ್ಲಿ ಬಾರಿಸ್ಬೇಕಾ?" ಶಿಷ್ಯರಿಗೇನೋ ಮೇಷ್ಟರು ದಿನಾ, "ಸುಮ್ಮನಿರೋದನ್ನ ಕಲೀರಿ, ಅದೂ ತಾಳವೇ" ಎನ್ನುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಸುದ್ದಿ ಮೆಟ್ಟಿಲಿಳಿಯಿತು. ಕೆಳಮನೆಯ ಗಡಿಯಾರ ರಿಪೇರಿಯವನು ಓಡಿ ಬಂದು, "ಕೀಲು ಅಂದ್ರೆ ಕೀಲೇ, ಗಡಿಯಾರದ್ದಾದ್ರೇನು?" ಎಂದು ಎಳೆದ. ಮೇಷ್ಟರು ಕಿರುಚಿದರು. ಮೇಲ್ಮನೆಯ ನಿವೃತ್ತ ನರ್ಸಮ್ಮ ಅವನನ್ನು ಬೈದು ಪಟ್ಟಿ ಸುತ್ತಿದರು. ಮಧ್ಯಾಹ್ನದ ಹೊತ್ತಿಗೆ ಕೈ ದಿಂಬಿನಷ್ಟಾಗಿತ್ತು.

"ನನ್ನ ಹಣೇಲಿ ಬರೆದಿಲ್ಲ ಬಿಡೇ," ಎಂದು ಮೇಷ್ಟರು ಹೆಂಡತಿಯ ಮುಂದೆ ಕಣ್ಣೀರು ಹಾಕಿದರು.

ಪಕ್ಕದ ಕೋಣೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಅತ್ತೆ ಎದ್ದು ಬಂದರು. "ಅಳಿಯಂದಿರೇ, ನಾನು ಬಾರಿಸ್ಲಾ?"

"ಅತ್ತೆ, ತಮಾಷೆ ಮಾಡೋ ಹೊತ್ತಾ ಇದು?"

"ಎಷ್ಟು ವರ್ಷದಿಂದ ಗೋಡೆ ಆಚೆ ನಿಮ್ಮ ಪಾಠ ಕೇಳ್ತಿದ್ದೀನಿ! ನೀವು ಆಚೆ ಹೋದಾಗೆಲ್ಲ ಕೂತು ಬಾರಿಸ್ತೀನಿ. ಬೇಜಾರು ಕಳೀಬೇಕಲ್ಲ."

ಅತ್ತೆ ಕೂತು ಬಾರಿಸಿದರು. ಮೇಷ್ಟರ ತೆರೆದ ಬಾಯಿ ಮುಚ್ಚಲೇ ಇಲ್ಲ.

ಸಂಜೆ ಅಳಿಯನ ಕೋಟು, ಟೊಪ್ಪಿಗೆ ತೊಟ್ಟು ಅತ್ತೆ ವೇದಿಕೆಯ ಹಿಂತುದಿಯಲ್ಲಿ ಕೂತರು. ಡ್ರಮ್ ಹಿಂದಿನವರ ಮುಖವನ್ನು ಯಾರೂ ನೋಡುವುದಿಲ್ಲವೆಂದು ಮೇಷ್ಟರಿಗೆ ಅನುಭವದಿಂದ ಗೊತ್ತಿತ್ತು. ಅವರು ಪರದೆಯ ಹಿಂದೆ ನಿಂತರು. ಅತ್ತೆ ಬೇಕಾದಲ್ಲಿ ಮೆಲ್ಲಗೆ ತಟ್ಟಿದರು, ಬೇಡವಾದಲ್ಲಿ ಸುಮ್ಮನಿದ್ದರು. ಅದು ಮೇಷ್ಟರದ್ದೇ ಪಾಠ, ಅಕ್ಷರಶಃ. ಅವರಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ಚಪ್ಪಾಳೆ ಮುಗಿಯುವ ಮೊದಲೇ ಪರದೆಯ ಹಿಂದೆ ಕೋಟು, ಟೊಪ್ಪಿಗೆ ಕೈ ಬದಲಾದವು. ಯಜಮಾನರು ನುಗ್ಗಿ ಬಂದು ಮೇಷ್ಟರನ್ನು ತಬ್ಬಿಕೊಂಡರು. "ಕೊನೆಗೂ ಸುಮ್ಮನಿರೋದು ಕಲಿತ್ರಲ್ಲ! ಯಾರ ಹತ್ರ ಪಾಠ?"

ಪಟ್ಟಿ ಕಟ್ಟಿದ ಕೈ ಬೆನ್ನ ಹಿಂದೆ ಮುಚ್ಚಿಟ್ಟು ಮೇಷ್ಟರು ನಿಜವನ್ನೇ ಹೇಳಿದರು: "ನನ್ನ ಹತ್ರಾನೇ."

"ಕೆಲಸ ಕಾಯಂ! ಪ್ರತಿ ಶನಿವಾರ ಹೀಗೇ ಬಾರಿಸ್ಬೇಕು. ನಿಮ್ಮ ಹಳೇ ಗದ್ದಲ ಕೇಳಿಸ್ತೋ, ಅವತ್ತೇ ಮನೆಗೆ!"

ದಾರಿಯಲ್ಲಿ ಮೇಷ್ಟರು ಸರಿಯಿದ್ದ ಒಂದು ಕೈಯಲ್ಲಿ ದೊಡ್ಡ ಡ್ರಮ್ ಎಳೆಯುತ್ತ ಬಂದರು. ಅತ್ತೆ ಡ್ರಮ್ ಕಡ್ಡಿಗಳೆರಡನ್ನು ಚೀಲಕ್ಕೆ ಸೇರಿಸಿಕೊಂಡು ಮುಂದೆ ನಡೆದಿದ್ದರು.

"ಕೈ ವಾಸಿ ಆಗ್ಲಿ ಅತ್ತೆ, ಆಮೇಲೆ ನಾನೇ…"

"ಆಗ್ಲಿ ಅಳಿಯಂದಿರೇ," ಎಂದರು ಅತ್ತೆ ಅಕ್ಕರೆಯಿಂದ. "ನೀವು ಮನೇಲಿ ಬಾರಿಸಿ, ನಾನು ಗೋಡೆ ಆಚೆಯಿಂದ ಕೇಳ್ತೀನಿ. ನಿಮಗೆ ಸುಮ್ಮನಿರೋದು ಬಂದ ದಿನ ಶನಿವಾರದ ಕಡ್ಡಿ ವಾಪಸ್ ಕೊಡ್ತೀನಿ."