ಬಾಡಿಗೆ ಕೋಣೆಗೆ ಬೇಕಾದ ನೆಂಟರು

ಎಲ್ಲ ತೊಂದರೆಗೂ ಮೂಲ ಒಂದು ಪುಟ್ಟ ಪ್ರಶ್ನೆ: "ಅಪ್ಪ ಅಮ್ಮ ಎಲ್ಲಿದಾರಮ್ಮ?"

ಅನಾಥಾಲಯದಲ್ಲಿ ಬೆಳೆದ ಭಾಗ್ಯಜ್ಯೋತಿಗೆ ಇಪ್ಪತ್ತೊಂದು ತುಂಬಿತ್ತು. ನಿಯಮದಂತೆ ಮರುದಿನ ಅವಳು ಅಲ್ಲಿಂದ ಹೊರಡಲೇಬೇಕಿತ್ತು. ಬೇಕರಿಯಲ್ಲಿ ಕೆಲಸ ಸಿಕ್ಕಿತ್ತು, ಕೋಣೆ ಸಿಕ್ಕಿರಲಿಲ್ಲ. ಬನಶಂಕರಿಯ ಮನೆ ಮಾಲೀಕರೆಲ್ಲ ಈ ಪ್ರಶ್ನೆ ಕೇಳಿ, "ಯಾರೂ ಇಲ್ಲ" ಎಂಬ ಉತ್ತರ ಪಡೆದು, ಬಹಳ ಸೌಜನ್ಯದಿಂದ ಗೇಟು ಮುಚ್ಚಿದ್ದರು. ಅವಳಿಗೆ ಸ್ವಯಂಪ್ರೇರಣೆಯಿಂದ ಮಾರ್ಗದರ್ಶಕಿಯಾಗಿದ್ದ ಮೈತ್ರೇಯಿ ರಸಾಯನಶಾಸ್ತ್ರದ ಪದವೀಧರೆ. ಸಾಕ್ಷ್ಯಗಳನ್ನು ಪರಿಶೀಲಿಸಿ ಅವಳು ತೀರ್ಮಾನಕ್ಕೆ ಬಂದಳು: ಇಲ್ಲಿ ಕೊರತೆಯಿರುವುದು ನೆಂಟರದು.

"ಮುಂದಿನ ಮನೇಲಿ ನೀನು ನನ್ ಚಿಕ್ಕಮ್ಮನ ಮಗಳು."

"ಸುಳ್ಳು ಹೇಳ್ಬಾರ್ದು ಅಂತ ಹೋದ್ ವಾರ ನೀವೇ ಹೇಳ್ಕೊಟ್ರಲ್ಲಕ್ಕ?"

"ಅದು ಹೋದ್ ವಾರದ ಪಾಠ."

ಕುಮಾರಸ್ವಾಮಿ ಲೇಔಟಿನ ಆ ಮನೆಯ ಒಡತಿ ಈಶ್ವರಮ್ಮ. ಪಕ್ಕದ ಮನೆಯ ಸೀತಮ್ಮ ಸೊಪ್ಪು ಬಿಡಿಸುವ ನೆಪದಲ್ಲಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತಿದ್ದರು. ಅವರ ಕುತೂಹಲ ಕುಕ್ಕರಿನಂತೆ ಆಗಾಗ ಸೀಟಿ ಹೊಡೆಯುತ್ತಿತ್ತು.

"ಮನೇಲಿ ಯಾರ್ಯಾರಿದೀರಮ್ಮ?" ಎಂದು ಕೇಳಿದರು ಈಶ್ವರಮ್ಮ.

"ತುಂಬಿದ ಕುಟುಂಬ ಆಂಟಿ. ಮೂರು ಜನ ಚಿಕ್ಕಪ್ಪಂದಿರು," ಎಂದಳು ಮೈತ್ರೇಯಿ.

"ಮಕ್ಕಳು?" ಸೀತಮ್ಮ ಸೀಟಿ ಹೊಡೆದರು.

"ಏಳು! ಹಬ್ಬ ಬಂದ್ರೆ ಎಲ್ರೂ ನಮ್ಮತ್ರಾನೇ."

ಉಪ್ಪಿನ ದ್ರಾವಣದಲ್ಲಿ ಹರಳು ಕಟ್ಟುವಂತೆ ಕುಟುಂಬ ಬೆಳೆಯತೊಡಗಿತು. ಕೊನೆಗೆ ದಿನಕ್ಕೆರಡು ಸಲ ತಲೆಗೆ ಸ್ನಾನ ಮಾಡುವ ಮಡಿ ಅಜ್ಜಿಯೂ ಹುಟ್ಟಿಕೊಂಡರು.

ಈಶ್ವರಮ್ಮನ ಮುಖ ಕಳೆಗುಂದಿತು. "ರೂಮ್ ಕೊಡಕ್ಕಾಗಲ್ಲಮ್ಮ. ಬೋರ್ ಬತ್ತೋಗಿದೆ, ಟ್ಯಾಂಕರ್ ನೀರು. ನಿಮ್ಮಜ್ಜಿ ಒಬ್ರೇ ಸಂಪ್ ಖಾಲಿ ಮಾಡ್ತಾರೆ!"

ಭಾಗ್ಯಜ್ಯೋತಿ ತಲೆ ಎತ್ತಿದಳು. "ಅವರ್ಯಾರೂ ನನ್ನೋರಲ್ಲ ಆಂಟಿ. ನಾನು ಅನಾಥಾಲಯದಲ್ಲಿ ಬೆಳ್ದೋಳು. ನಂಗೆ ಯಾರೂ ಇಲ್ಲ."

"ಯಾರೂ... ಬರಲ್ವಾ?"

"ಬರಕ್ಕೆ ಯಾರಿದಾರೆ?"

"ಅಯ್ಯೋ ಕಂದ!" ಈಶ್ವರಮ್ಮನ ಕಣ್ಣು ತುಂಬಿತು, ಕಣ್ಣಿನ ಜೊತೆ ಸಂಪೂ ತುಂಬಿದಂತೆ ಮುಖ ಅರಳಿತು. ಕೂಡಲೇ ಕೀಲಿಕೈ ಕೊಟ್ಟರು. "ನೆಂಟರನ್ನ ಮಾತ್ರ ಉಳಿಸ್ಕೋಬಾರ್ದು, ಆಯ್ತಾ?"

ಸೀತಮ್ಮ ಮೈತ್ರೇಯಿಯತ್ತ ತಿರುಗಿದರು. "ಹಾಗಾದ್ರೆ ಅಷ್ಟೂ ಜನ ನಿಮ್ಮೋರೇನಾ?"

ಸುಳ್ಳುಗಾತಿ ಎನಿಸಿಕೊಳ್ಳಲು ಮೈತ್ರೇಯಿಗೆ ಮನಸ್ಸಾಗಲಿಲ್ಲ. "ಹೂಂ."

"ನೀವಿರೋದೆಲ್ಲಿ?"

"ಹಿಂದಿನ್ ರಸ್ತೇಲಿ. ವೆಂಕಟಾಚಲ ಅವರ ಮನೆ ಮಹಡೀಲಿ ಬಾಡಿಗೆಗಿದೀನಿ."

ಸೀತಮ್ಮ ಸೊಪ್ಪನ್ನು ಅರ್ಧಕ್ಕೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹಿಂದಿನ ರಸ್ತೆಯತ್ತ ನಡೆದರು.

ಮರುದಿನ ಸಂಜೆ ವೆಂಕಟಾಚಲ ಅವರ ಫೋನ್ ಬಂತು. "ಏನಮ್ಮಾ, ಹಬ್ಬಕ್ಕೆ ಏಳು ಮಕ್ಕಳು, ಮಡಿ ಅಜ್ಜಿ ಎಲ್ಲ ಬರ್ತಾರಂತೆ? ನಮ್ಮನೇಲೂ ಟ್ಯಾಂಕರ್ ನೀರೇ. ತಿಂಗಳ ಕೊನೇಗೆ ಖಾಲಿ ಮಾಡ್ಬಿಡಿ."

"ಸಾರ್, ಆ ಅಜ್ಜಿ ಇಲ್ವೇ ಇಲ್ಲ ಸಾರ್!"

"ಛೆ! ನೀರಿಗೋಸ್ಕರ ಹಿರಿಯರನ್ನೇ ಇಲ್ಲ ಅನ್ಬಾರ್ದಮ್ಮ."

ಮೈತ್ರೇಯಿ ನೇರವಾಗಿ ಭಾಗ್ಯಜ್ಯೋತಿಯ ಹೊಸ ಕೋಣೆಗೆ ಓಡಿ ನಡೆದದ್ದನ್ನೆಲ್ಲ ಹೇಳಿದಳು. "ಬೇರೆ ಮನೆ ಸಿಗೋವರ್ಗೂ ಇಲ್ಲಿ..."

"ಅಕ್ಕ, ನೆಂಟರು ಉಳ್ಕೊಳ್ಳೋ ಹಾಗಿಲ್ಲ," ಎಂದಳು ಭಾಗ್ಯಜ್ಯೋತಿ, ಚಹಾ ಲೋಟ ಕೈಗಿಡುತ್ತ. "ಭಾನುವಾರ ನಿಮ್ಗೆ ಮನೆ ನೋಡಕ್ಕೆ ನಾನೂ ಬರ್ತೀನಿ. ಆದ್ರೆ ಮಾತಾಡೋದು ಮಾತ್ರ ನಾನು."