ತಪ್ಪಿನ ಪುಸ್ತಕಕ್ಕೆ ಇಪ್ಪತ್ತು ಮಾರ್ಕ್ಸು

ತನ್ನಷ್ಟಕ್ಕೆ ಓಡುವ ಗಾಡಿಯೊಂದನ್ನು ಮಕ್ಕಳ ಕೈಗೆ ಕೊಟ್ಟು, ಅದಕ್ಕೆ ಮಾರ್ಕ್ಸನ್ನೂ ಇಟ್ಟರೆ ವಾರಕ್ಕೊಂದು ಫಜೀತಿ ಗ್ಯಾರಂಟಿ. ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಒಂದು ಶಾಲೆಯಲ್ಲಿ ನಾನು ಫಿಸಿಕ್ಸ್ ಮೇಷ್ಟ್ರು. ಒಂಬತ್ತನೇ ಕ್ಲಾಸಿಗೆ ರೊಬೊಟಿಕ್ಸನ್ನು ನೂರು ಮಾರ್ಕ್ಸಿನ ವಿಷಯ ಮಾಡಿ ನನ್ನ ತಲೆಗೆ ಕಟ್ಟಿದರು. ಇಡೀ ಕ್ಲಾಸೇ ಒಂದು ತಂಡ, ತಂಡಕ್ಕೆ ಒಂದೇ ರೋಬೋ. ಬೆನ್ನ ಮೇಲೆ ಡಬ್ಬ ಹೊತ್ತು, ಯಾವುದಕ್ಕೂ ಗುದ್ದದೆ, ರೂಮಿನ ಈ ತುದಿಯಿಂದ ಆ ತುದಿಗೆ ಹೋಗುವುದು ಅದರ ಕೆಲಸ.

ವರ್ಷದ ಕೊನೆಗೆ ಹೊರಗಿನ ಪರೀಕ್ಷಕರ ಎದುರು ಅದು ಓಡದಿದ್ದರೆ ಈ ವಿಷಯ ಬಂದ್, ಪೀರಿಯಡ್ಡೆಲ್ಲ ಗಣಿತಕ್ಕೆ ಎಂದು ಪ್ರಿನ್ಸಿಪಾಲರು ಮೊದಲ ದಿನವೇ ಹೇಳಿಬಿಟ್ಟರು. ಮಕ್ಕಳ ಮುಖ ಬಾಡಿತು. ನನಗೂ ಹೆದರಿಕೆಯೇ. ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಬೆಲ್ ಹೊಡೆದ ಮೇಲೂ ಮಕ್ಕಳು ಎದ್ದು ಹೋಗದ ಕ್ಲಾಸು ನನಗೆ ಸಿಕ್ಕಿದ್ದು ಇದೊಂದೇ.

ತಪ್ಪಿಗೆ ಬರಗಾಲ

ಯಾರ್ಯಾರು ಏನೇನು ತಪ್ಪು ಮಾಡಿದರು, ಹೇಗೆ ಸರಿಮಾಡಿದರು ಎಂದು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು, ಅದಕ್ಕೆ ಇಪ್ಪತ್ತು ಮಾರ್ಕ್ಸು ಎಂದಿದ್ದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಮರುದಿನದಿಂದ ಬ್ಯಾಟರಿಯನ್ನು ಉಲ್ಟಾ ಹಾಕಲು ಪೈಪೋಟಿ ಶುರುವಾಯಿತು. ಕ್ಲಾಸಿಗೇ ಜಾಣೆಯಾದ ಹುಡುಗಿ ಮಾತ್ರ ಕಣ್ಣು ತುಂಬಿಕೊಂಡು ಬಂದಳು.

"ಸರ್, ನಂದು ಒಂದೂ ತಪ್ಪಾಗ್ತಿಲ್ಲ. ಫೇಲ್ ಮಾಡ್ಬಿಡ್ತೀರಾ?"

ಟಿಪ್ಪರ್ ಪರಿಹಾರ

ಆ ಹುಡುಗಿಯ ಅಪ್ಪ ಇದೇ ಊರಿನ ಹಳೇ ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆಯುತ್ತಾರೆ. ಪೇರೆಂಟ್ಸ್ ಮೀಟಿಂಗಿಗೆ ಬಂದವರು ಈ ವಿಷಯಕ್ಕೆ ಯಾವ ಗೈಡ್ ತಗೋಬೇಕು ಎಂದು ಕೇಳಿದರು. ಗೈಡ್ ಇಲ್ಲ, ಒಂದು ಡಬ್ಬ ಸಾಗಿಸಬೇಕು ಅಷ್ಟೇ ಎಂದೆ. ಅವರು ರೂಮಿನ ಉದ್ದವನ್ನೊಮ್ಮೆ ಅಳೆದು ನೋಡಿದರು.

"ಇಷ್ಟಕ್ಕೆ ಒಂದ್ ವರ್ಸ ಯಾಕೆ ಸಾ? ಮೊದ್ಲೇ ಏಳಬಾರ್ದಾ? ನಮ್ ಟಿಪ್ಪರ್ ಕಳಿಸ್ತೀನಿ, ಐದು ನಿಮಿಷದ ಕೆಲ್ಸ."

ಗಂಧ ಹೆಚ್ಚಾಗಿ

ಆಯುಧಪೂಜೆಯ ದಿನ ಮಕ್ಕಳು ರೋಬೋವನ್ನು ತೊಳೆಯದೇ ಬಿಟ್ಟಿದ್ದೇ ನನ್ನ ಪುಣ್ಯ. ಚೆಂಡುಹೂವಿನ ಹಾರ ಹಾಕಿ, ಭಕ್ತಿ ಉಕ್ಕಿ, ಎದುರಿಗೆ ಏನಿದೆಯೆಂದು ನೋಡುವ, ಕಣ್ಣಿನಂಥ ಎರಡು ಗುಂಡನೆಯ ಸೆನ್ಸರುಗಳಿಗೆ ಗಂಧ ಮೆತ್ತಿ ಮೇಲೆ ಕುಂಕುಮ ಇಟ್ಟರು. ರಜೆ ಮುಗಿಸಿ ಬಂದರೆ ರೋಬೋ ಜಪ್ಪಯ್ಯ ಅಂದರೂ ಕದಲಲಿಲ್ಲ. ಮೂರು ದಿನ ವೈರು ಬಿಚ್ಚಿದೆವು, ಕಟ್ಟಿದೆವು. ಪೂಜೆಯಲ್ಲಿ ನಿಂಬೆಹಣ್ಣು ಇಡದಿದ್ದರೆ ಹೀಗೇ ಆಗೋದು ಎಂದು ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು ಹೇಳಿಹೋದರು.

ನಾಲ್ಕನೇ ದಿನ ಜಾಣೆ ಹುಡುಗಿ ತಪ್ಪಿನ ಪುಸ್ತಕ ತಿರುವಿ, ಪೂಜೆಯ ಹಿಂದಿನ ದಿನದವರೆಗೂ ಓಡಿದೆ ಎಂದು ಕಂಡುಹಿಡಿದಳು. ದಾವಣಿಯಂಥ ಉದ್ದದ ತನ್ನ ಯೂನಿಫಾರ್ಮ್ ವೇಲಿನ ತುದಿಯಿಂದ ಸೆನ್ಸರ್ ಒರೆಸಿದಳು. ರೋಬೋ ಓಡಿತು. ಗಂಧ ಮೆತ್ತಿಕೊಂಡ ಅದಕ್ಕೆ ಮೂರು ದಿನವೂ ಎದುರಿಗೆ ಗೋಡೆಯೇ ಕಂಡಿತ್ತು. ಗಂಧ ಮೆತ್ತಿದವಳೂ ತಾನೇ ಎಂದು ನೆನಪಾಗಿ, ಅವಳು ಕುಣಿಯುತ್ತಾ ಹೋಗಿ ತನ್ನ ಮೊದಲ ತಪ್ಪನ್ನು ಬರೆದುಕೊಂಡಳು.

ಪರೀಕ್ಷೆಯ ದಿನ

ಪರೀಕ್ಷಕರು ಬಂದರು. ಬಹಳ ಗಂಭೀರ ಮನುಷ್ಯ, ಕಾಫಿಯನ್ನೂ ಬೇಡವೆಂದರು. ಎರಡು ನಿಮಿಷ ಟೈಮು, ಒಮ್ಮೆ ಬಿಟ್ಟ ಮೇಲೆ ಮಕ್ಕಳಾಗಲಿ ನಾನಾಗಲಿ ಏನನ್ನೂ ಮುಟ್ಟುವಂತಿಲ್ಲ ಎಂದರು. ಅಷ್ಟರಲ್ಲಿ ಪ್ರಿನ್ಸಿಪಾಲರು ಶುಭವಾಗಲಿ ಎಂದು ಜೇಬಿನಿಂದ ನಿಂಬೆಹಣ್ಣು ತೆಗೆದು ದಾರಿಯಲ್ಲಿಟ್ಟರು. ಹೊಸ ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸುತ್ತಾರಲ್ಲ, ಹಾಗೆ. ನಮ್ಮ ರೋಬೋವಿನ ಚಕ್ರಕ್ಕಿಂತ ಆ ಹಣ್ಣೇ ದಪ್ಪಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಸ್ವಿಚ್ ಒತ್ತಿಯಾಗಿತ್ತು.

ರೋಬೋ ಎರಡು ಗೇಣು ಹೋಗಿ ನಿಂಬೆಹಣ್ಣಿನ ಮುಂದೆ ನಿಂತುಬಿಟ್ಟಿತು. ಅರ್ಧ ನಿಮಿಷ ಕಳೆಯಿತು, ಒಂದು ನಿಮಿಷ ಕಳೆಯಿತು. ನನ್ನ ಕಣ್ಣ ಮುಂದೆ ಗಣಿತದ ಪೀರಿಯಡ್ಡು ಬಂತು. ಪರೀಕ್ಷಕರು ಪೆನ್ನಿನ ಕ್ಯಾಪ್ ತೆಗೆದು, ಯಾಕೆ ನಿಂತಿದೆ ಎಂದು ಕೇಳಿದರು.

"ಎದುರಿಗೆ ಏನಾದ್ರೂ ಇದ್ರೆ ನಿಲ್ಬೇಕು ಅಂತ ನಾವೇ ಹೇಳ್ಕೊಟ್ಟಿದ್ದೀವಿ ಸರ್. ಅದು ಸರಿಯಾಗೇ ಇದೆ," ಎಂದಳು ಹುಡುಗಿ.

"ಹಾಗಾದ್ರೆ ತಪ್ಪು ಯಾರದು?"

ಮಕ್ಕಳೆಲ್ಲ ನೆಲ ನೋಡಿದರು. ಒಬ್ಬರೂ ಪ್ರಿನ್ಸಿಪಾಲರ ಕಡೆ ಕಣ್ಣು ಹಾಯಿಸಲಿಲ್ಲ. ಆಗ ನನಗೆ ಆ ಮಕ್ಕಳ ಮೇಲೆ ಬಂದ ಪ್ರೀತಿ ಹೇಳತೀರದು. ಪ್ರಿನ್ಸಿಪಾಲರು ಕೆಮ್ಮಿ, ನಿಧಾನವಾಗಿ ಬಗ್ಗಿ, ಹಣ್ಣನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಮುಟ್ಟಬಾರದೆಂಬ ನಿಯಮದಲ್ಲಿ ಅವರ ಹೆಸರಿರಲಿಲ್ಲ. ರೋಬೋ ಏನೂ ಆಗಿಲ್ಲವೆಂಬಂತೆ ಹೊರಟು, ಇನ್ನೂ ಎಂಟು ಸೆಕೆಂಡು ಇರುವಾಗಲೇ ಡಬ್ಬದ ಸಮೇತ ಆ ತುದಿ ಮುಟ್ಟಿತು.

ಪರೀಕ್ಷಕರು ಮೊದಲ ಸಲ ನಕ್ಕು, ಕಾಫಿ ಇದ್ದರೆ ಕೊಡಿ ಎಂದರು. ಮುಂದಿನ ವರ್ಷಕ್ಕೂ ವಿಷಯ ಉಳಿಯಿತು. ಗಲಾಟೆಯೆಲ್ಲ ಅಡಗಿದ ಮೇಲೆ ಪ್ರಿನ್ಸಿಪಾಲರು ತಪ್ಪಿನ ಪುಸ್ತಕ ತರಿಸಿಕೊಂಡು, 'ನಿಂಬೆಹಣ್ಣು ಇಟ್ಟವನು ನಾನು. ತೆಗೆದು ಸರಿಮಾಡಿದವನೂ ನಾನೇ' ಎಂದು ಬರೆದು, ಸಹಿ ಮಾಡಿ, ಶಾಲೆಯ ಸೀಲನ್ನೂ ಒತ್ತಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದರು.

"ಮೇಷ್ಟ್ರೇ, ಇಪ್ಪತ್ತಕ್ಕೆ ನಂಗೆಷ್ಟು ಬರುತ್ತೆ?"