ಬೃಂದಾಳ ಲಗ್ನ

ಆಕೆಯ ಗಂಡ ಯುದ್ಧಕ್ಕೆ ಹೋದವನು ತಿರುಗಿ ಬಂದಿಲ್ಲ ಎಂದು ಮಲ್ಲೇಶ ಬಾಯಿ ತಪ್ಪಿ ಹೇಳಿಬಿಟ್ಟ. ಗೋಳು ಶುರುವಾದದ್ದೇ ಅಲ್ಲಿಂದ.

ಹೇಳಿದ್ದು ಕಂಪ್ಯೂಟರಿನೊಳಗಿನ ಹೆಂಗಸಿನ ಬಗ್ಗೆ. ಮಲ್ಲೇಶ ಶಿರಗುಪ್ಪಿಯವನು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ. ಹಂಗಾಮು ಮುಗಿದರೆ ಕೈ ಖಾಲಿ. ವಯಸ್ಸು ಮೂವತ್ತಾರು, ಲಗ್ನವಾಗಿಲ್ಲ. ಡಿಪ್ಲೊಮಾ ಓದುವಾಗ ತಂದ ಕಂಪ್ಯೂಟರಿನಲ್ಲಿ ಆ ಕಾಲದ್ದೇ ಒಂದು ಆಟವಿತ್ತು. ಆಡುವವನು ಕತ್ತಿ ಹಿಡಿದ ವೀರನಾಗಿ ಹಿಮ ಬೀಳುವ ದೇಶದಲ್ಲಿ ಊರೂರು ತಿರುಗಬೇಕು, ಸಿಕ್ಕವರ ಕೂಡ ಮಾತಾಡಬೇಕು, ಅವರ ಕೆಲಸ ಮಾಡಿಕೊಡಬೇಕು. ವೀರನಿಗೂ ಆತ ಮಲ್ಲೇಶ ಎಂದೇ ಹೆಸರಿಟ್ಟಿದ್ದ. ಅಲ್ಲಿಯ ಒಂದು ಊರಿನಲ್ಲಿ ಖಾನಾವಳಿ ನಡೆಸುವಾಕೆ ಬ್ರಿಂಡಾ.

ಅಂದು ಭಾನುವಾರ. ಫ್ಯಾನು ಇದ್ದದ್ದು ಕಂಪ್ಯೂಟರ್ ಇದ್ದ ಪಡಸಾಲೆಯಲ್ಲಿ ಮಾತ್ರ. ತಾಯಿ ಕೆಂಚವ್ವ, ಎದುರು ಮನೆಯ ಸೋನಾಬಾಯಿ, ಪಕ್ಕದ ಮನೆಯ ಲಕ್ಷ್ಮಿಬಾಯಿ ಮೂವರೂ ಅದರ ಕೆಳಗೆ ಕೂತು ಶೇಂಗಾ ಒಡೆಯುತ್ತಿದ್ದರು.

"ಈಕಿ ಯಾರೋ ಮಲ್ಲ್ಯಾ? ಯಾವಾಗ ನೋಡಿದ್ರೂ ಒಲಿ ಮುಂದ ಒಬ್ಬಾಕೀನ ನಿಂತಿರ್ತಾಳ," ಎಂದಳು ಕೆಂಚವ್ವ.

"ಬ್ರಿಂಡಾ ಅಂತವ್ವಾ. ಗಂಡ ಯುದ್ಧಕ್ಕ ಹೋದಾಂವ ಬಂದಿಲ್ಲ."

ಶೇಂಗಾ ಒಡೆಯುವ ಸದ್ದು ಗಪ್ಪನೆ ನಿಂತಿತು.

"ಎಷ್ಟ ವರ್ಷಾತು?" ಸೋನಾಬಾಯಿ ಕೇಳಿದಳು.

"ಆಟ ಬಂದು ಇಪ್ಪತ್ತ ವರ್ಷಾತ್ರಿ ಕಾಕು."

"ಅಯ್ಯ ಪಾಪ! ಇಪ್ಪತ್ತ ವರ್ಷದಿಂದ ಬೃಂದಾ ಒಬ್ಬಾಕೀನ ಖಾನಾವಳಿ ನಡಸಾಕತ್ತಾಳ!"

ಬ್ರಿಂಡಾ ಅಷ್ಟರಲ್ಲೇ ಬೃಂದಾ ಆಗಿದ್ದಳು. ಮರಾಠಿ ಮನೆಯ ಲಕ್ಷ್ಮಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಗ ಬಾಯಿ, ಮಲ್ಲೇಶಾ, ನೀನರ ಲಗ್ನಾ ಮಾಡ್ಕೋಳೋ. ನಿನಗೂ ಯಾರೂ ಸಿಗವಲ್ರು," ಎಂದಳು.

"ಆಟದಾಗ ಹಂಗ ಬರಂಗಿಲ್ರಿ ಮಾವಶಿ. ಅದಕ್ಕ ಬ್ಯಾರೆ ಮಾಡ್ ಬೇಕಾಕ್ಕೇತಿ."

"ಹಂಗಾರ ಮಾಡ್!" ಮೂವರೂ ಒಟ್ಟಿಗೆ ಹೇಳಿದರು.

ಮಾಡ್ ಎಂದರೆ ಮಾಡುವುದಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಮಲ್ಲೇಶನ ಅರ್ಧ ಜೀವ ಹೋಯಿತು. ಕಂಪನಿಯವರು ಕೊಟ್ಟ ಟ್ರ್ಯಾಕ್ಟರಿಗೆ ಊರ ಗ್ಯಾರೇಜಿನವನು ಬೇರೆ ಸೀಟು, ಹಾಡಿನ ಡಬ್ಬಿ, ಬಣ್ಣದ ದೀಪ ಜೋಡಿಸುತ್ತಾನಲ್ಲ, ಹಾಗೆ ಹಳೆ ಆಟಕ್ಕೆ ಹೊರಗಿನ ಮಂದಿ ಮಾಡಿ ಜೋಡಿಸುವ ಬಿಡಿಭಾಗ ಅದು. ಯಾರನ್ನು ಬೇಕಾದರೂ ಲಗ್ನವಾಗುವ ಮಾಡ್ ಇದೆ ಎಂದು ಆತ ಎಲ್ಲೋ ಓದಿದ್ದ. ಅದನ್ನು ಹೇಳಬಾರದಿತ್ತು. ಹೇಳಿಬಿಟ್ಟ.

"ಮೂರ ವರ್ಷಾತು ಕನ್ಯಾ ಹುಡಕಾಕತ್ತೇನಿ," ಎಂದಳು ಕೆಂಚವ್ವ. "ಹೊರಗಂತೂ ಆಗವಲ್ದು. ಒಳಗರ ಆಗ್ಲಿ."

ಮಲ್ಲೇಶ ನಿಟ್ಟುಸಿರು ಬಿಟ್ಟು ಮೊಬೈಲಿನ ನೆಟ್ಟು ಜೋಡಿಸಿದ. ಮಾಡ್ ಇಳಿಯಲು ಒಂದು ತಾಸು ಹಿಡಿಯಿತು. ಜೋಡಿಸಿ ಆಟ ತೆರೆದರೆ, ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಮುಚ್ಚಿಕೊಂಡಿತು. ಮತ್ತೆ ತೆರೆದ, ಮತ್ತೆ ಮುಚ್ಚಿತು. ಇದು ನಡೆಯಬೇಕಾದರೆ ಮೊದಲು ಇನ್ನೊಂದು ಮಾಡ್ ಬೇಕು ಎಂದು ಕೊನೆಯ ಸಾಲಿನಲ್ಲಿ ಬರೆದಿತ್ತು. ಆ ಇನ್ನೊಂದಕ್ಕೆ ಮತ್ತೊಂದು ಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಆಟವೇನೋ ತೆರೆಯಿತು. ಆದರೆ ಬೃಂದಾಳ ಮುಖ, ಕೈ, ಕಾಲು ಎಲ್ಲ ಅಚ್ಚ ನೇರಳೆ ಬಣ್ಣ.

"ಇದ್ಯಾಕೋ ಬದನಿಕಾಯಿ ಆಗ್ಯಾಳ?" ಕೆಂಚವ್ವ ಗಾಬರಿಯಾದಳು. "ಬ್ಯಾನಿ ಬಂದೈತೇನು?"

"ಬಣ್ಣದ ಫೈಲ್ ಸಿಗವಲ್ದವ್ವಾ."

"ಅರಿಶಿಣಾ ಹಚ್ಚು," ಎಂದಳು ಸೋನಾಬಾಯಿ.

ಬಣ್ಣ ಸರಿಹೋದ ಮೇಲೆ ಬೃಂದಾ ಇಬ್ಬರಾದಳು. ಒಬ್ಬಳು ಒಲೆಯ ಮುಂದೆ, ಇನ್ನೊಬ್ಬಳು ಬಾಗಿಲಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನುಂಗುವ ಹಾಗೆ ನೋಡುತ್ತಿದ್ದರು. "ಲಗ್ನಕ್ಕ ಮೊದಲ ಸವತಿ ಬಂದಳಲ್ಲ ಗ!" ಎಂದು ಲಕ್ಷ್ಮಿಬಾಯಿ ಎದೆ ಬಡಿದುಕೊಂಡಳು. ಮಾಡ್‌ಗಳ ಸರದಿ ತಪ್ಪಿದರೆ ಹೀಗಾಗುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎಂದು ತಾನೇ ಪಟ್ಟಿ ಹೊಂದಿಸಬೇಕು ಎಂದು ಮಲ್ಲೇಶ ಬೆವರೊರೆಸುತ್ತ ಹೇಳಿದ.

"ಹಾಂಗಂದ್ರ ಪಂಕ್ತಿ," ಎಂದಳು ನಾಲ್ಕು ಮಕ್ಕಳ ಲಗ್ನ ಮಾಡಿದ ಸೋನಾಬಾಯಿ. "ಹಿರ್ಯಾರನ್ನ ಮೊದಲ ಕುಂಡ್ರಸು. ಆಮ್ಯಾಲ ಬೀಗರನ್ನ. ಸೀರಿ, ಒಡವಿ ಎಲ್ಲಾ ಕಡೀಗಿ."

ಮಲ್ಲೇಶನಿಗೆ ವಾದ ಮಾಡುವ ಶಕ್ತಿ ಉಳಿದಿರಲಿಲ್ಲ. ಹಳೆಯ ಮಾಡ್ ಮೇಲೆ, ಲಗ್ನದ್ದು ನಡುವೆ, ಬಟ್ಟೆಬರೆಯದು ಕೆಳಗೆ ಇಟ್ಟ. ಒಬ್ಬ ಬೃಂದಾ ಮಾಯವಾದಳು. ಇಡೀ ದಿನ ಇಂಗ್ಲಿಷ್ ಓದಿ ತನಗೆ ಆಗದ್ದು ಸೋನಾಬಾಯಿ ಕಾಕುವಿಗೆ ಶೇಂಗಾ ಒಡೆಯುತ್ತ ಆಯಿತಲ್ಲ ಎಂದುಕೊಳ್ಳುತ್ತ ಆತ ಮತ್ತೆ ಮೌಸು ಹಿಡಿದ.

ಇತ್ತ ಕೆಂಚವ್ವ, ಲಗ್ನವೆಂದ ಮೇಲೆ ಸಿಹಿ ಇರಲಿ ಎಂದು ಗೋಧಿ ಹುಗ್ಗಿಗೆ ಇಟ್ಟಳು. ಬೆಲ್ಲ ಸಾಲಲಿಲ್ಲ. ಲಕ್ಷ್ಮಿಬಾಯಿ ಓಣಿಯ ತುದಿಯ ಅಂಗಡಿಗೆ ಹೋದಳು. ಏನು ವಿಶೇಷ ಎಂದು ಅಂಗಡಿಯವನು ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿದಳು: ಸಂಜೆಗೆ ಮಲ್ಲೇಶನ ಲಗ್ನ, ಹುಡುಗಿ ಬೃಂದಾ, ಖಾನಾವಳಿ ನಡೆಸುತ್ತಾಳೆ, ಪಾಪ, ಗಂಡ ಯುದ್ಧಕ್ಕೆ ಹೋದವನು ಬಂದಿಲ್ಲ, ತೀರಿಕೊಂಡಂತೆಯೇ. ಅಂಗಡಿಯವನು ಪಕ್ಕದ ಚಹಾ ಅಂಗಡಿಯವನಿಗೆ ಹೇಳಿದ. ಚಹಾ ಅಂಗಡಿಯವನು ಬಂದವರಿಗೆಲ್ಲ ಹೇಳಿದ.

ಸಂಜೆ ಐದಕ್ಕೆ ಆಟದೊಳಗಿನ ಗುಡಿಯಲ್ಲಿ ಲಗ್ನವಾಯಿತು. ಲಕ್ಷ್ಮಿಬಾಯಿ "ಶುಭಮಂಗಲ ಸಾವಧಾನ" ಎಂದು ರಾಗವೆಳೆದಳು. ಮೂವರೂ ಪರದೆಯ ಮೇಲೆ ಅಕ್ಕಿಕಾಳು ಎರಚಿದರು. ಕಾಳು ಕೀಬೋರ್ಡಿನ ಸಂದಿಗೆ ಬಿದ್ದು ಒಂದು ಗುಂಡಿ ಒತ್ತಿದಂತೆಯೇ ಉಳಿಯಿತು. ಮದುಮಗ ಮಲ್ಲೇಶ ಗುಡಿಯ ಗೋಡೆಗೆ ಹಣೆ ಹಚ್ಚಿಕೊಂಡು ನಡೆಯತೊಡಗಿದ. ಕುರ್ಚಿಯಲ್ಲಿದ್ದ ಮಲ್ಲೇಶ ಅವನನ್ನು ತಿರುಗಿಸಲೂ ಇಲ್ಲ. ಆತನಿಗೂ ಹಾಗೆಯೇ ಮಾಡಬೇಕು ಅನಿಸುತ್ತಿತ್ತು.

ಆಗ ಬಾಗಿಲಲ್ಲಿ ಲಗಮಣ್ಣ ಏದುಸಿರು ಬಿಡುತ್ತ ನಿಂತಿದ್ದ. ಸುತ್ತಲ ಊರುಗಳಿಗೆ ಕನ್ಯಾ ತೋರಿಸುವವನು ಅವನೇ.

"ಎಂಥಾ ಘಾತ ಮಾಡಿದ್ಯೋ ಮಲ್ಲೇಶಾ! ಸತ್ತಿ ಊರಿಂದ ಹುಡಗಿ ಅಪ್ಪನ್ನ ಕರ್ಕೊಂಡ ಬಂದಿದ್ನಿ. ಹೇಳದ ಹೋಗಿ ಮನಿ ಹೆಂಗೈತಿ ನೋಡೂಣು ಅಂದಿದ್ರು. ಓಣಿ ತುದಿಗೆ ಮನಿ ಎಲ್ಲಿ ಅಂತ ಕೇಳಿದ್ರ, ಇವತ್ತ ಅವನ ಲಗ್ನ ಅಂದ್ರು! ಅವರು ಬಸ್‌ಸ್ಟ್ಯಾಂಡಿಗಿ ಹ್ವಾದ್ರು."

ಕೆಂಚವ್ವನ ಕೈಯಲ್ಲಿದ್ದ, ಹುಗ್ಗಿ ತಿರುವುವ ಹುಟ್ಟು ಕೆಳಗೆ ಬಿತ್ತು. "ಓಡೋ ಮಲ್ಲ್ಯಾ!"

ಮಲ್ಲೇಶ ಬನಿಯನ್ನಿನಲ್ಲೇ ಓಡಿದ. ತಲೆಗೂದಲ ತುಂಬ ಅಕ್ಕಿಕಾಳು.

ಸತ್ತಿಯ ಹಿರಿಯರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದರು. ಬಿಳಿ ಧೋತರ, ಗಾಂಧಿ ಟೊಪ್ಪಿಗೆ. ಇವನ ತಲೆಯ ಅಕ್ಕಿಯನ್ನು ನೋಡಿದವರೇ ಎದ್ದು ನಿಂತು ಕೈಮುಗಿದರು.

"ನೀವ ಮಲ್ಲೇಶನ್ರಿ? ಎಲ್ಲಾ ಕೇಳಿದ್ನಿ. ಗಂಡ ಇಲ್ಲದಾಕಿಗಿ ಬಾಳ ಕೊಟ್ರಂತ. ಈಗಿನ ಕಾಲದಾಗ ಇಂಥಾ ಧೈರ್ಯ ಯಾರಿಗೈತ್ರಿ? ನನ್ನ ಮಗಳಿಗಿ ಸಿಗಲಿಲ್ಲ ಅಂತ ಹೊಟ್ಟಿ ಉರಿಯಾಕತ್ತೈತಿ ನೋಡ್ರಿ."

ಮೂರು ವರ್ಷಗಳಲ್ಲಿ ಹುಡುಗಿಯ ತಂದೆಯಾದವನೊಬ್ಬ ಮಲ್ಲೇಶನಿಗೆ ಕೈಮುಗಿದದ್ದು ಇದೇ ಮೊದಲು. ಕಾಯಂ ನೌಕರಿಯೇ, ಹೊಲ ಎಷ್ಟು ಎಂದು ಕೇಳದೆ, ಒಳ್ಳೆಯವನು ಎಂದದ್ದೂ ಇದೇ ಮೊದಲು. ಇಂಥ ಮನುಷ್ಯನಿಗೆ ಅಳಿಯನಾಗುವ ಯೋಗ ಇನ್ನೂ ಕೈತಪ್ಪಿಲ್ಲ, ನಿಜ ಹೇಳಿದರೆ ಸಾಕು ಎಂದುಕೊಂಡ.

"ಇಲ್ರಿ ಮಾಮಾ! ಲಗ್ನ ಆಗಿಲ್ರಿ! ಅಂಥಾ ಹೆಂಗಸ ಇಲ್ಲಾ ಇಲ್ರಿ. ಅದು ಕಂಪ್ಯೂಟರ್‌ನ್ಯಾಗಿನ ಗೇಮ್ ಐತ್ರಿ." ಆತ ಉಸಿರು ಬಿಡದೆ ಎಲ್ಲವನ್ನೂ ಹೇಳಿದ. ಮಾಡ್ ಹೇಳಿದ, ಬದನೆಕಾಯಿ ಹೇಳಿದ, ಪಂಕ್ತಿ ಹೇಳಿದ.

ಹಿರಿಯರು ಮುಗಿದ ಕೈ ನಿಧಾನವಾಗಿ ಇಳಿಸಿದರು.

"ವಯಸ್ಸೆಷ್ಟು ನಿಮ್ಮದು?"

"ಮೂವತ್ತಾರ್ರಿ."

"ಮುಂಜಾನಿಂದ ಇಲ್ಲೀತನಕ ಬೊಂಬಿ ಲಗ್ನಾ ಮಾಡಾಕತ್ತಿದ್ರಿ?"

"ಅವ್ವಾರು ಹೇಳಿದ್ರಂತ..."

ಅಷ್ಟರಲ್ಲಿ ಬಸ್ಸು ಬಂತು. ಹಿರಿಯರು ಮೆಟ್ಟಿಲ ಮೇಲೆ ಕಾಲಿಟ್ಟು, ಹಿಂದೆ ಓಡಿ ಬಂದು ನಿಂತಿದ್ದ ಲಗಮಣ್ಣನತ್ತ ತಿರುಗಿದರು.

"ಲಗಮಣ್ಣಾ, ಲಗ್ನ ಆದ ಗಂಡಸ ಇದ್ರೂ ಒಂದ ಮರ್ಯಾದಿ ಇತ್ತೋ. ಇದೇನ ತೋರಿಸಿದೆಪಾ ನೀ?"

ಬಸ್ಸು ಹೊರಟಿತು. ಲಗಮಣ್ಣ ತನ್ನೂರಾದ ಕಾಗವಾಡದ ದಾರಿ ಹಿಡಿದ.

ಮಲ್ಲೇಶ ಕಾಲೆಳೆಯುತ್ತ ಓಣಿಯ ತುದಿಗೆ ಬಂದ. ಚಹಾ ಅಂಗಡಿಯವನು ಓಡಿಬಂದು ಕೈ ಕುಲುಕಿದ. ಅಲ್ಲಿ ಕೂತಿದ್ದ ನಾಲ್ಕು ಮಂದಿ ಎದ್ದು ಬೆಂಚಿನಲ್ಲಿ ಜಾಗ ಬಿಟ್ಟರು. ಯಾವಾಗಲೂ ಅರ್ಧ ಗ್ಲಾಸಿನ ಕಟ್‌ ಚಹಾ ಕೊಡುವವನು ಇಂದು ಕೇಳದೆಯೇ ದೊಡ್ಡ ಗ್ಲಾಸು ತುಂಬ, ಯಾಲಕ್ಕಿ ಹಾಕಿ ತಂದಿಟ್ಟ.

"ಭಾಳ ಚಲೋ ಕೆಲಸಾ ಮಾಡಿದ್ರಿ ಬಿಡ್ರಿ ಮಲ್ಲೇಶಣ್ಣಾ," ಎಂದ. "ಬೃಂದಾ ವೈನಿ ಯಾವ ಊರವ್ರು?"

ಮಲ್ಲೇಶ ಬಾಯಿ ತೆರೆದ. ಅವನಿಗೆ ಸತ್ತಿಯ ಬಸ್ಸು ನೆನಪಾಯಿತು. ಚಹಾದ ಒಂದು ಗುಟುಕು ಕುಡಿದ.

"ದೂರದವ್ರು," ಎಂದ. "ಭಾಳ ದೂರ."